ಡೇಟಾಬೇಸ್ ಟೇಬಲ್ ಎಷ್ಟು ದೊಡ್ಡದಾಗಬಲ್ಲದು? ಆಪರೇಟಿಂಗ್ ಸಿಸ್ಟಮ್ ಒಡ್ಡುವ ಮಿತಿಗಳನ್ನು ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನ ಸರ್ವರ್ 1114ನೇ ಸಂಖ್ಯೆಯ ದೋಷವನ್ನು ಕೊಟ್ಟಾಗ ಅದು ಹೇಳುವುದು ‘ಟೇಬಲ್ ತುಂಬಿದೆ’ ಎಂಬ ಒಂದೇ ಮಾತನ್ನು. ಯಾರ ಲೆಕ್ಕದಲ್ಲಿ ತುಂಬಿದೆ ಎಂಬುದನ್ನು ಅದು ತಿಳಿಸುವುದಿಲ್ಲ. ದತ್ತಾಂಶವನ್ನು ಬರೆದು ಓದುವ ಡೇಟಾಬೇಸ್ ಎಂಜಿನ್ನಿನ ಲೆಕ್ಕದಲ್ಲಿಯೇ, ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್‌ನ ಲೆಕ್ಕದಲ್ಲಿಯೇ, ಸರ್ವರ್ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿರುವ ಅಂಕೆಯಲ್ಲಿಯೇ, ಅಥವಾ ಡಿಸ್ಕಿನಲ್ಲಿಯೇ ಜಾಗ ಮುಗಿದಿದೆಯೇ ಎಂಬುದನ್ನು ನಾವೇ ಹುಡುಕಬೇಕು. ಕೈಪಿಡಿಯನ್ನು ತೆರೆದು ‘ಗರಿಷ್ಠ 64 ಟಿಬಿ’ ಎಂಬ ಸಾಲನ್ನು ಓದಿ ನಿಶ್ಚಿಂತರಾದವರು, ಅದರ ಕಾಲು ಭಾಗವೂ ತುಂಬುವ ಮೊದಲೇ ಸರ್ವರ್ ನಿಂತುಹೋದಾಗ ಕಂಗಾಲಾಗುವುದು ಇದೇ ಕಾರಣಕ್ಕೆ. ಕೈಪಿಡಿ ಹೇಳುವುದು ಎಂಜಿನ್ ಎಲ್ಲಿಯವರೆಗೆ ಎಣಿಸಬಲ್ಲದು ಎಂಬುದನ್ನು ಮಾತ್ರ. ನಿಮ್ಮ ಟೇಬಲ್‌ನ ನಿಜವಾದ ಮಿತಿ, ಅದರ ಕೆಳಗಿರುವ ಪದರಗಳಲ್ಲಿ ಯಾವುದು ಮೊದಲು ಕೈ ಚೆಲ್ಲುತ್ತದೆಯೋ ಅದರ ಮಿತಿಯೇ ಆಗಿರುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೇಲಿನ ಪದರದಿಂದ ಕೆಳಗಿನದಕ್ಕೆ ಒಂದೊಂದಾಗಿ ಇಳಿಯುತ್ತ, ಪ್ರತಿ ಪದರದ ಮಿತಿಯನ್ನು ಬರೆದಿಟ್ಟುಕೊಂಡು, ಕೊನೆಗೆ ಅವುಗಳಲ್ಲಿ ಅತಿ ಚಿಕ್ಕದನ್ನು ಆರಿಸಿಕೊಳ್ಳುವ ಕ್ರಮವನ್ನು ವಿವರಿಸಿದ್ದೇನೆ. ಒಂದು ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಅನುಕೂಲ. ಆಜ್ಞೆಗಳ ಹೆಸರುಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಕೆಬಿ, ಜಿಬಿ, ಟಿಬಿ ಎಂದಾಗಲೆಲ್ಲ ಇಲ್ಲಿ 1024ರ ಗುಣಕದ ಲೆಕ್ಕವನ್ನೇ ಹಿಡಿಯಬೇಕು. ಡಿಸ್ಕ್ ತಯಾರಕರು 1000ದ ಗುಣಕದಲ್ಲಿ ಎಣಿಸುವುದರಿಂದ, ಹೊರಗೆ 16 ಟಿಬಿ ಎಂದು ಬರೆದಿರುವ ಡಿಸ್ಕ್ ಈ ಲೆಕ್ಕದಲ್ಲಿ ಸುಮಾರು 14.55 ಟಿಬಿ ಮಾತ್ರ ಆಗುತ್ತದೆ. ಯೋಜನೆ ಹಾಕುವಾಗ ಈ ವ್ಯತ್ಯಾಸವನ್ನು ಮರೆತರೆ ಒಂದೂವರೆ ಟಿಬಿಯಷ್ಟು ಜಾಗ ಕಾಗದದ ಮೇಲಷ್ಟೇ ಉಳಿಯುತ್ತದೆ.

ಹಂತ 1: ಟೇಬಲ್ ಯಾವ ಎಂಜಿನ್ನಿನಲ್ಲಿದೆ, ಅದು ಹೇಗೆ ಎಣಿಸುತ್ತದೆ ಎಂಬುದನ್ನು ತಿಳಿದುಕೊಳ್ಳಿ

ಬಹುತೇಕ ಎಲ್ಲ ಡೇಟಾಬೇಸ್‌ಗಳೂ ದತ್ತಾಂಶವನ್ನು ಸಮಾನ ಗಾತ್ರದ ಪುಟಗಳಾಗಿ ಕತ್ತರಿಸಿ, ಪ್ರತಿ ಪುಟಕ್ಕೂ ಒಂದು ಸಂಖ್ಯೆಯನ್ನು ಕೊಡುತ್ತವೆ. ಆ ಸಂಖ್ಯೆಗೆ ಎಷ್ಟು ಬಿಟ್‌ಗಳನ್ನು ಮೀಸಲಿಡಲಾಗಿದೆ ಎಂಬುದೇ ಎಂಜಿನ್ನಿನ ಮಿತಿಯ ಮೂಲ. ಮೈಎಸ್‌ಕ್ಯುಎಲ್‌ನ ಸಹಜ ಎಂಜಿನ್ ಆದ ಇನ್ನೋಡಿಬಿಯಲ್ಲಿ ಪುಟದ ಸಂಖ್ಯೆಗೆ 32 ಬಿಟ್‌ಗಳಿವೆ, ಅಂದರೆ ಒಂದು ಟೇಬಲ್‌ಸ್ಪೇಸ್‌ನಲ್ಲಿ (ಟೇಬಲ್‌ಗಳ ದತ್ತಾಂಶವನ್ನಿಡುವ ಫೈಲ್ ಅಥವಾ ಫೈಲ್‌ಗಳ ಗುಂಪು) ಸುಮಾರು 429 ಕೋಟಿ ಪುಟಗಳು ಹಿಡಿಯುತ್ತವೆ. ಪುಟದ ಸಹಜ ಗಾತ್ರವಾದ 16 ಕೆಬಿಯಿಂದ ಇದನ್ನು ಗುಣಿಸಿದರೆ 64 ಟಿಬಿ ಬರುತ್ತದೆ. ಪುಟದ ಗಾತ್ರವನ್ನು 4 ಕೆಬಿಗೆ ಇಳಿಸಿದರೆ ಮಿತಿಯೂ 16 ಟಿಬಿಗೆ ಇಳಿಯುತ್ತದೆ, 64 ಕೆಬಿಗೆ ಏರಿಸಿದರೆ 256 ಟಿಬಿಗೆ ಏರುತ್ತದೆ. ಆದರೆ ಈ ಗಾತ್ರವನ್ನು ಸರ್ವರ್‌ನ ದತ್ತಾಂಶ ಡೈರೆಕ್ಟರಿಯನ್ನು ಮೊಟ್ಟಮೊದಲು ಸಿದ್ಧಪಡಿಸುವಾಗ ಮಾತ್ರ ಆರಿಸಬಹುದು. ಆಮೇಲೆ ಬದಲಾಯಿಸಬೇಕಾದರೆ ಎಲ್ಲವನ್ನೂ ಹೊರತೆಗೆದು ಹೊಸದಾಗಿ ತುಂಬುವುದು ಬಿಟ್ಟರೆ ದಾರಿಯಿಲ್ಲ.

ಪೋಸ್ಟ್‌ಗ್ರೆಸ್‌ಕ್ಯುಎಲ್ ಕೂಡ 32 ಬಿಟ್‌ಗಳ ಪುಟಸಂಖ್ಯೆಯನ್ನೇ ಬಳಸುತ್ತದೆ. ಅದರ ಪುಟ 8 ಕೆಬಿಯದ್ದಾದ ಕಾರಣ ಒಂದು ಟೇಬಲ್‌ಗೆ 32 ಟಿಬಿ ಮಿತಿ. ಎಸ್‌ಕ್ಯುಲೈಟ್‌ನಲ್ಲಿ ಈ ಲೆಕ್ಕ ಒಂದು ಟೇಬಲ್‌ಗಲ್ಲ, ಇಡೀ ಡೇಟಾಬೇಸ್‌ಗೆ ಅನ್ವಯಿಸುತ್ತದೆ, ಏಕೆಂದರೆ ಅದರ ಎಲ್ಲ ಟೇಬಲ್‌ಗಳೂ, ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ಇಂಡೆಕ್ಸ್‌ಗಳೂ ಒಂದೇ ಫೈಲ್‌ನಲ್ಲಿರುತ್ತವೆ. 4 ಕೆಬಿಯ ಸಹಜ ಪುಟದಲ್ಲಿ ಸುಮಾರು 16 ಟಿಬಿ, 64 ಕೆಬಿಯ ಪುಟದಲ್ಲಿ ಸುಮಾರು 256 ಟಿಬಿ ಅದರ ಕೊನೆಯ ಎಲ್ಲೆ. ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್ ಒಂದು ದತ್ತಾಂಶ ಫೈಲ್‌ಗೆ 16 ಟಿಬಿಯ ಮಿತಿ ಹಾಕುತ್ತದೆ, ಆದರೆ ಒಂದು ಟೇಬಲ್ ಹಲವು ಫೈಲ್‌ಗಳಲ್ಲಿ ಹರಡಿಕೊಳ್ಳಬಹುದು. ಒರಾಕಲ್‌ನಲ್ಲಿ ‘ಸ್ಮಾಲ್‌ಫೈಲ್’ ಬಗೆಯ ಟೇಬಲ್‌ಸ್ಪೇಸ್ ಆದರೆ ಒಂದು ಫೈಲ್‌ಗೆ ಸುಮಾರು 42 ಲಕ್ಷ ಬ್ಲಾಕ್‌ಗಳು (ಪುಟಕ್ಕೆ ಅಲ್ಲಿರುವ ಹೆಸರು ಬ್ಲಾಕ್), ಅಂದರೆ 8 ಕೆಬಿಯ ಬ್ಲಾಕ್‌ನಲ್ಲಿ 32 ಜಿಬಿ. ‘ಬಿಗ್‌ಫೈಲ್’ ಬಗೆಯಾದರೆ ಅದೇ ಬ್ಲಾಕ್‌ನಲ್ಲಿ 32 ಟಿಬಿ.

ಮೈಎಸ್‌ಕ್ಯುಎಲ್‌ನ ಹಳೆಯ ಎಂಜಿನ್ ಆದ ಮೈಐಸ್ಯಾಮ್‌ನ ಟೇಬಲ್‌ಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿ ಮಿತಿಯನ್ನು ನಿರ್ಧರಿಸುವುದು ಪುಟವಲ್ಲ, ಸಾಲು ಇರುವ ಜಾಗವನ್ನು ತೋರಿಸುವ ಪಾಯಿಂಟರ್. ಮೈಎಸ್‌ಕ್ಯುಎಲ್ 5.0.6ಕ್ಕಿಂತ ಹಿಂದೆ ಈ ಪಾಯಿಂಟರ್ ಸಹಜವಾಗಿ 4 ಬೈಟ್‌ಗಳದ್ದಾಗಿತ್ತು, ಆದ್ದರಿಂದ ಟೇಬಲ್ 4 ಜಿಬಿಗೆ ನಿಲ್ಲುತ್ತಿತ್ತು. ಅನಂತರ ಅದನ್ನು 6 ಬೈಟ್‌ಗಳಿಗೆ ಏರಿಸಿದ್ದರಿಂದ ಮಿತಿ 256 ಟಿಬಿಗೆ ಹಾರಿತು. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಪಾಯಿಂಟರ್‌ನ ಗಾತ್ರ ಟೇಬಲ್ ಹುಟ್ಟಿದ ದಿನವೇ ಅದರೊಳಗೆ ಬರೆದುಹೋಗಿರುತ್ತದೆ. ಸರ್ವರ್ ಹೊಸದಾದರೂ ಟೇಬಲ್ ತನ್ನ ಹಳೆಯ ಪಾಯಿಂಟರ್ ಅನ್ನೇ ಹೊತ್ತು ಬರುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕ್ ಖಾಲಿ ಇದ್ದಾಗಲೇ 1114ರ ದೋಷ ಬಂದು, ಇಡೀ ರಾತ್ರಿ ನಾವು ಫೈಲ್ ಸಿಸ್ಟಮ್‌ನಲ್ಲಿ ತಪ್ಪನ್ನು ಹುಡುಕಿದ್ದೆವು. ಬೆಳಗಿನ ಜಾವ ‘ಶೋ ಟೇಬಲ್ ಸ್ಟೇಟಸ್’ ಆಜ್ಞೆಯ ಉತ್ತರದಲ್ಲಿ ಗರಿಷ್ಠ ದತ್ತಾಂಶ ಉದ್ದದ ಕಾಲಮ್ ಮೇಲೆ ಕಣ್ಣು ಬಿದ್ದಾಗ ಅಲ್ಲಿದ್ದ ಸಂಖ್ಯೆ 4,29,49,67,295. ಅದಕ್ಕೆ ಒಂದು ಸೇರಿಸಿದರೆ ಸರಿಯಾಗಿ 4 ಜಿಬಿ. ಗರಿಷ್ಠ ಸಾಲುಗಳ ಸಂಖ್ಯೆಯನ್ನೂ ಸಾಲಿನ ಸರಾಸರಿ ಉದ್ದವನ್ನೂ ಕೊಟ್ಟು ‘ಆಲ್ಟರ್ ಟೇಬಲ್’ ಮಾಡಿದ ಮೇಲೆ ಟೇಬಲ್ ಹೊಸ ಪಾಯಿಂಟರ್‌ನೊಂದಿಗೆ ಮತ್ತೆ ಕಟ್ಟಲ್ಪಟ್ಟು ಸಮಸ್ಯೆ ತೀರಿತು. ಆ ಕಾಲಮ್ ಅನ್ನು ಮೊದಲು ನೋಡದೆ ಬೇರೆಲ್ಲೂ ಹುಡುಕಬಾರದು ಎಂಬುದನ್ನು ನಾನು ಕಲಿತದ್ದು ಆ ರಾತ್ರಿ.

ದತ್ತಾಂಶವನ್ನು ಯಂತ್ರದ ಮೆಮೊರಿಯಲ್ಲಿಯೇ ಇಡುವ, ಮೈಎಸ್‌ಕ್ಯುಎಲ್‌ನ ‘ಮೆಮೊರಿ’ ಎಂಜಿನ್ನಿನ ಟೇಬಲ್‌ಗಳಿಗೆ ಡಿಸ್ಕಿನ ಸಂಬಂಧವೇ ಇಲ್ಲ. ಅವುಗಳಿಗೆ ಸರ್ವರ್‌ನ ಒಂದು ಸೆಟ್ಟಿಂಗ್ ಸಹಜವಾಗಿ 16 ಎಂಬಿಯ ಮಿತಿ ಹಾಕಿರುತ್ತದೆ. ದೋಷದ ಸಂದೇಶದಲ್ಲಿ ನಿಮಗೆ ಪರಿಚಯವೇ ಇಲ್ಲದ, ಹ್ಯಾಶ್ ಚಿಹ್ನೆಯಿಂದ ಆರಂಭವಾಗುವ ಟೇಬಲ್ ಹೆಸರು ಕಂಡರೆ ಅದು ತಾತ್ಕಾಲಿಕ ಟೇಬಲ್ ಎಂದು ತಿಳಿಯಿರಿ. ಆಗ ನಿಮ್ಮ ಟೇಬಲ್ ಇರುವ ಡಿಸ್ಕನ್ನಷ್ಟೇ ಅಲ್ಲ, ತಾತ್ಕಾಲಿಕ ಡೈರೆಕ್ಟರಿ ಇರುವ ಡಿಸ್ಕನ್ನೂ ನೋಡಬೇಕು.

ಹಂತ 2: ಟೇಬಲ್‌ನ ಈಗಿನ ಗಾತ್ರವನ್ನು ಸರಿಯಾಗಿ ಅಳೆಯಿರಿ

ಮೈಎಸ್‌ಕ್ಯುಎಲ್‌ನಲ್ಲಿ ‘ಇನ್ಫರ್ಮೇಶನ್ ಸ್ಕೀಮಾ’ದ ಟೇಬಲ್‌ಗಳ ಪಟ್ಟಿಯಲ್ಲಿ ದತ್ತಾಂಶದ ಉದ್ದ, ಇಂಡೆಕ್ಸ್‌ನ ಉದ್ದ ಎರಡೂ ಸಿಗುತ್ತವೆ. ಎರಡನ್ನೂ ಕೂಡಿಸಬೇಕು, ಏಕೆಂದರೆ ಇನ್ನೋಡಿಬಿಯಲ್ಲಿ ಎರಡೂ ಒಂದೇ ಫೈಲ್‌ನಲ್ಲಿರುತ್ತವೆ. ಇಲ್ಲೊಂದು ಎಚ್ಚರಿಕೆ: 8.0ರ ಆವೃತ್ತಿಯಿಂದ ಈ ಅಂಕಿಗಳನ್ನು ಸರ್ವರ್ ನೆನಪಿನಲ್ಲಿಟ್ಟುಕೊಂಡು ಸಹಜವಾಗಿ 86,400 ಸೆಕೆಂಡುಗಳವರೆಗೆ ಅದೇ ಉತ್ತರವನ್ನು ಕೊಡುತ್ತದೆ. ಅಂದರೆ ನೀವು ಓದುತ್ತಿರುವುದು ನಿನ್ನೆಯ ಗಾತ್ರವಾಗಿರಬಹುದು. ಹಾಗಾಗಿ ನನ್ನ ಸಲಹೆ, ಡಿಸ್ಕಿನ ಮೇಲಿರುವ ಫೈಲ್ ಅನ್ನೇ ಅಳೆಯಿರಿ. ‘ಎಲ್‌ಎಸ್’ ಆಜ್ಞೆ ಫೈಲ್‌ನ ಹೊರ ಉದ್ದವನ್ನು ಹೇಳುತ್ತದೆ, ‘ಡಿಯು’ ಆಜ್ಞೆ ಅದು ನಿಜವಾಗಿ ಹಿಡಿದಿರುವ ಜಾಗವನ್ನು ಹೇಳುತ್ತದೆ. ಫೈಲ್ ಸಿಸ್ಟಮ್‌ನ ಮಿತಿಗೆ ತಾಗುವುದು ಮೊದಲನೆಯದು, ಡಿಸ್ಕನ್ನು ತುಂಬುವುದು ಎರಡನೆಯದು. ಪುಟಗಳನ್ನು ಸಂಕೋಚಿಸಿ ಖಾಲಿ ತೂತುಗಳನ್ನು ಬಿಡುವ ವ್ಯವಸ್ಥೆಯನ್ನು ಬಳಸಿದ್ದರೆ ಇವೆರಡರ ನಡುವೆ ದೊಡ್ಡ ಅಂತರವೇ ಇರಬಹುದು.

ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ರಿಲೇಶನ್ ಸೈಜ್’ ಎಂಬ ಫಂಕ್ಷನ್ ಟೇಬಲ್‌ನ ಮುಖ್ಯ ಭಾಗವನ್ನು ಮಾತ್ರ ಅಳೆಯುತ್ತದೆ, ‘ಪಿಜಿ ಟೋಟಲ್ ರಿಲೇಶನ್ ಸೈಜ್’ ಇಂಡೆಕ್ಸ್‌ಗಳನ್ನೂ, ದೊಡ್ಡ ಮೌಲ್ಯಗಳನ್ನು ಪ್ರತ್ಯೇಕವಾಗಿಡುವ ಟೋಸ್ಟ್ ಟೇಬಲ್ ಅನ್ನೂ ಸೇರಿಸಿ ಹೇಳುತ್ತದೆ. 32 ಟಿಬಿಯ ಮಿತಿಗೆ ಹೋಲಿಸಬೇಕಾದದ್ದು ಮೊದಲನೆಯ ಅಂಕಿಯನ್ನು, ಡಿಸ್ಕಿಗೆ ಹೋಲಿಸಬೇಕಾದದ್ದು ಎರಡನೆಯದನ್ನು. ಎಸ್‌ಕ್ಯುಲೈಟ್‌ನಲ್ಲಿ ಪುಟದ ಗಾತ್ರ ಮತ್ತು ಪುಟಗಳ ಎಣಿಕೆಯನ್ನು ‘ಪ್ರಾಗ್ಮಾ’ ಆಜ್ಞೆಯಿಂದ ಕೇಳಿ ಗುಣಿಸಿದರೆ ಸಾಕು.

ಹಂತ 3: ಫೈಲ್ ಇರುವ ಫೈಲ್ ಸಿಸ್ಟಮ್ ಅನ್ನು ಗುರುತಿಸಿ

ಮೊದಲು ಸರ್ವರ್‌ನಿಂದಲೇ ದತ್ತಾಂಶ ಡೈರೆಕ್ಟರಿಯ ದಾರಿಯನ್ನು ಕೇಳಿ ತಿಳಿಯಿರಿ. ಊಹಿಸಬೇಡಿ, ಏಕೆಂದರೆ ಸಾಂಕೇತಿಕ ಲಿಂಕ್‌ಗಳ ಮೂಲಕ ಅದನ್ನು ಬೇರೆ ಡಿಸ್ಕಿಗೆ ಸರಿಸಿರುವುದು ತೀರ ಸಾಮಾನ್ಯ. ಅನಂತರ ಲಿನಕ್ಸ್‌ನಲ್ಲಾದರೆ ‘ಡಿಎಫ್’ ಆಜ್ಞೆಗೆ ದೊಡ್ಡಕ್ಷರದ ‘ಟಿ’ ಆಯ್ಕೆಯನ್ನೂ ಆ ದಾರಿಯನ್ನೂ ಕೊಟ್ಟರೆ ಫೈಲ್ ಸಿಸ್ಟಮ್‌ನ ಬಗೆ ತಿಳಿಯುತ್ತದೆ. ವಿಂಡೋಸ್‌ನಲ್ಲಾದರೆ ‘ಎಫ್‌ಎಸ್‌ಯುಟಿಲ್’ ಎಂಬ ಆಜ್ಞೆ, ಅಲ್ಲಿನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಜಾಗವನ್ನು ಹಂಚುವ ತುಣುಕಿನ, ಅಂದರೆ ಕ್ಲಸ್ಟರ್‌ನ, ಗಾತ್ರವನ್ನು ಹೇಳುತ್ತದೆ.

ಮುಖ್ಯವಾದ ಮಿತಿಗಳು ಹೀಗಿವೆ. ಎಫ್‌ಎಟಿ32ರಲ್ಲಿ ಒಂದು ಫೈಲ್ 4 ಜಿಬಿಗೆ ಒಂದು ಬೈಟ್ ಕಡಿಮೆಯಷ್ಟು ಮಾತ್ರ ಬೆಳೆಯಬಹುದು. ಇಎಕ್ಸ್‌ಟಿ3ರಲ್ಲಿ, 4 ಕೆಬಿಯ ಬ್ಲಾಕ್ ಇದ್ದರೆ, 2 ಟಿಬಿ. ಇಎಕ್ಸ್‌ಟಿ4ರಲ್ಲಿ ಅದೇ ಬ್ಲಾಕ್‌ಗೆ 16 ಟಿಬಿ, ನಿಖರವಾಗಿ ಹೇಳುವುದಾದರೆ ಅದಕ್ಕಿಂತ ಒಂದು ಬ್ಲಾಕ್ ಕಡಿಮೆ. ಎಕ್ಸ್‌ಎಫ್‌ಎಸ್‌ನಲ್ಲಿ 8 ಎಕ್ಸಾಬೈಟ್, ಅಂದರೆ ಯಾವ ಡೇಟಾಬೇಸ್ ಎಂಜಿನ್ನಿಗೂ ಅಡ್ಡಿಯಾಗದ ಎತ್ತರ. ಎನ್‌ಟಿಎಫ್‌ಎಸ್‌ನಲ್ಲಿ ಇಡೀ ವಾಲ್ಯೂಮ್‌ಗೆ ಸುಮಾರು 429 ಕೋಟಿ ಕ್ಲಸ್ಟರ್‌ಗಳ ಮಿತಿ ಇರುವುದರಿಂದ 4 ಕೆಬಿಯ ಸಹಜ ಕ್ಲಸ್ಟರ್‌ನಲ್ಲಿ ವಾಲ್ಯೂಮ್ ಹಾಗೂ ಫೈಲ್ ಎರಡೂ 16 ಟಿಬಿಗೆ ನಿಲ್ಲುತ್ತವೆ, 64 ಕೆಬಿಯ ಕ್ಲಸ್ಟರ್‌ನಲ್ಲಿ 256 ಟಿಬಿಯವರೆಗೆ ಹೋಗಬಹುದು.

ಈಗ ಈ ಅಂಕಿಗಳನ್ನು ಮೊದಲ ಹಂತದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಇನ್ನೋಡಿಬಿಯ ಒಂದು ಟೇಬಲ್ ಸಾಮಾನ್ಯವಾಗಿ ಒಂದೇ ಫೈಲ್‌ನಲ್ಲಿರುತ್ತದೆ. ಅದನ್ನು ಇಎಕ್ಸ್‌ಟಿ4ರ ಮೇಲಿಟ್ಟರೆ 64 ಟಿಬಿಯ ಎಂಜಿನ್ ಮಿತಿಗೆ ಅರ್ಥವೇ ಉಳಿಯದೆ, 16 ಟಿಬಿಗೆ ಟೇಬಲ್ ನಿಲ್ಲುತ್ತದೆ. ಅದೇ ಟೇಬಲ್ ಎಕ್ಸ್‌ಎಫ್‌ಎಸ್‌ನ ಮೇಲಿದ್ದರೆ ಪೂರ್ತಿ 64 ಟಿಬಿಯನ್ನೂ ಬಳಸಿಕೊಳ್ಳಬಹುದು. ಪೋಸ್ಟ್‌ಗ್ರೆಸ್ ಮಾತ್ರ ಈ ಜಂಜಾಟದಿಂದ ಬಹಳ ಹಿಂದೆಯೇ ತಪ್ಪಿಸಿಕೊಂಡಿದೆ. ಅದು ಪ್ರತಿ ಟೇಬಲ್ ಅನ್ನೂ 1 ಜಿಬಿಯ ತುಂಡುಗಳಾಗಿ ಒಡೆದು, ಮೊದಲ ಫೈಲ್‌ಗೆ ಬರಿಯ ಸಂಖ್ಯೆಯನ್ನೂ ಮುಂದಿನವುಗಳಿಗೆ ಅದೇ ಸಂಖ್ಯೆಯ ಜೊತೆ ಚುಕ್ಕಿ 1, ಚುಕ್ಕಿ 2 ಎಂಬ ಬಾಲಗಳನ್ನೂ ಹೆಸರಾಗಿ ಕೊಡುತ್ತ ಹೋಗುತ್ತದೆ. 32 ಟಿಬಿಯ ಟೇಬಲ್ ಎಂದರೆ 32,768 ಫೈಲ್‌ಗಳು, ಒಂದೊಂದೂ 1 ಜಿಬಿ. ಹಾಗಾಗಿ ಒಂದೇ ಇಎಕ್ಸ್‌ಟಿ4 ಡಿಸ್ಕಿನ ಮೇಲೆ ಇನ್ನೋಡಿಬಿಗೆ 16 ಟಿಬಿ, ಪೋಸ್ಟ್‌ಗ್ರೆಸ್‌ಗೆ 32 ಟಿಬಿ ಎಂಬ ಎರಡು ಉತ್ತರಗಳು ಬರುತ್ತವೆ. ‘ಈ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಟೇಬಲ್‌ನ ಮಿತಿ ಎಷ್ಟು’ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವನ್ನು ಕೊಡಲು ಬಾರದಿರುವುದು ಇದರಿಂದಲೇ.

ಎಸ್‌ಕ್ಯುಲೈಟ್ ಬಳಸುವವರು ಇನ್ನಷ್ಟು ಜಾಗರೂಕರಾಗಿರಬೇಕು. ಎಸ್‌ಡಿ ಕಾರ್ಡ್ ಅಥವಾ ಪೆನ್‌ಡ್ರೈವ್ ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಆಗಿದ್ದರೆ ಇಡೀ ಡೇಟಾಬೇಸ್, ಎಲ್ಲ ಟೇಬಲ್‌ಗಳೂ ಸೇರಿ, 4 ಜಿಬಿಗೆ ಸ್ತಬ್ಧವಾಗುತ್ತದೆ. ಕಾರ್ಡ್ 128 ಜಿಬಿಯದ್ದಾಗಿದ್ದರೂ ಅದರಿಂದ ಪ್ರಯೋಜನವಿಲ್ಲ.

ವಿಂಡೋಸ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ, ಇದನ್ನು ಬಲ್ಲವರು ಕಡಿಮೆ. ಎನ್‌ಟಿಎಫ್‌ಎಸ್ ಒಂದು ಫೈಲ್‌ನ ತುಣುಕುಗಳು ಎಲ್ಲೆಲ್ಲಿವೆ ಎಂಬುದರ ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ, ಆ ಪಟ್ಟಿಯ ಉದ್ದಕ್ಕೂ ಒಂದು ಮಿತಿ ಇದೆ. ಫೈಲ್ ಬಹಳ ಚೂರುಚೂರಾಗಿ ಹರಡಿದ್ದರೆ ಗಾತ್ರದ ಮಿತಿಗೆ ಎಷ್ಟೋ ದೂರವಿರುವಾಗಲೇ ಪಟ್ಟಿ ತುಂಬಿ, ಆಪರೇಟಿಂಗ್ ಸಿಸ್ಟಮ್ 665ನೇ ದೋಷವನ್ನು ಕೊಡುತ್ತದೆ. ದೊಡ್ಡ ಡೇಟಾಬೇಸ್‌ಗಾಗಿ ವಾಲ್ಯೂಮ್ ಅನ್ನು ಫಾರ್ಮ್ಯಾಟ್ ಮಾಡುವಾಗ 64 ಕೆಬಿಯ ಕ್ಲಸ್ಟರ್ ಜೊತೆಗೆ ದೊಡ್ಡ ಫೈಲ್ ದಾಖಲೆಗಳನ್ನು ಕೊಡುವ ‘ಎಲ್’ ಆಯ್ಕೆಯನ್ನೂ ಬಳಸಿದರೆ ಈ ಮಿತಿ ಬಹಳ ದೂರ ಸರಿಯುತ್ತದೆ.

ಹಂತ 4: ಲೆಕ್ಕವನ್ನು ನಂಬದೆ ಪರೀಕ್ಷಿಸಿ ನೋಡಿ

ಲಿನಕ್ಸ್‌ನಲ್ಲಿ ಫೈಲ್ ಸಿಸ್ಟಮ್‌ನ ಮಿತಿಯನ್ನು ಒಂದು ಬೈಟ್ ದತ್ತಾಂಶವನ್ನೂ ಬರೆಯದೆ ಪರೀಕ್ಷಿಸಬಹುದು. ದತ್ತಾಂಶ ಇರುವ ಅದೇ ಫೈಲ್ ಸಿಸ್ಟಮ್‌ನಲ್ಲಿ, ಆದರೆ ಡೇಟಾಬೇಸ್‌ನ ಡೈರೆಕ್ಟರಿಯ ಹೊರಗೆ, ಒಂದು ಪ್ರತ್ಯೇಕ ಡೈರೆಕ್ಟರಿ ಮಾಡಿಕೊಳ್ಳಿ. ಅಲ್ಲಿ ‘ಟ್ರಂಕೇಟ್’ ಆಜ್ಞೆಗೆ ‘ಎಸ್’ ಆಯ್ಕೆಯಲ್ಲಿ 15 ಟಿಬಿಯ ಗಾತ್ರವನ್ನು ಕೊಟ್ಟು ಒಂದು ಹೊಸ ಫೈಲ್ ಸೃಷ್ಟಿಸಿ. ಕಣ್ಣು ಮಿಟುಕಿಸುವುದರೊಳಗೆ ಅದು ಆಗಿಬಿಡುತ್ತದೆ. ‘ಎಲ್‌ಎಸ್’ ಅದನ್ನು 15 ಟಿಬಿ ಎಂದು ತೋರಿಸಿದರೆ, ‘ಡಿಯು’ ಸೊನ್ನೆ ಎನ್ನುತ್ತದೆ, ‘ಡಿಎಫ್’ನ ಖಾಲಿ ಜಾಗದ ಲೆಕ್ಕವಂತೂ ಕದಲುವುದೇ ಇಲ್ಲ. ಉದ್ದವನ್ನಷ್ಟೇ ಬರೆದು ಒಳಗೆ ಏನನ್ನೂ ತುಂಬದ ಇಂಥ ಫೈಲ್‌ಗಳನ್ನು ವಿರಳ ಫೈಲ್‌ಗಳೆಂದು ಕರೆಯುತ್ತಾರೆ. ಈಗ ಅದೇ ಆಜ್ಞೆಯನ್ನು 16 ಟಿಬಿಗೆ ಕೊಡಿ. ಇಎಕ್ಸ್‌ಟಿ4 ಆಗಿದ್ದರೆ ‘ಫೈಲ್ ತುಂಬ ದೊಡ್ಡದು’ ಎಂಬ ಅರ್ಥದ ದೋಷ ಬಂದು ಆಜ್ಞೆ ನಿರಾಕರಣೆಯಾಗುತ್ತದೆ. ಎಕ್ಸ್‌ಎಫ್‌ಎಸ್ ಆಗಿದ್ದರೆ ಅದನ್ನೂ ನುಂಗಿಕೊಳ್ಳುತ್ತದೆ.

ಪರೀಕ್ಷೆ ಮುಗಿದ ಕೂಡಲೇ ಆ ಫೈಲ್ ಅನ್ನು ಅಳಿಸಿಬಿಡಿ. ವಿರಳ ಫೈಲ್‌ಗಳನ್ನು ಗುರುತಿಸಲಾರದ ಬ್ಯಾಕಪ್ ಪ್ರೋಗ್ರಾಮ್ ಒಂದು ರಾತ್ರಿ ಅದನ್ನು ಕಂಡರೆ 15 ಟಿಬಿ ಸೊನ್ನೆಗಳನ್ನು ನಿಷ್ಠೆಯಿಂದ ನಕಲು ಮಾಡಲು ಹೊರಡುತ್ತದೆ.

ಹಂತ 5: ಸರ್ವರ್ ಪ್ರೋಗ್ರಾಮಿಗೆ ಹಾಕಿರುವ ಅಂಕೆಗಳನ್ನು ನೋಡಿ

ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್‌ಗಳು ಪ್ರತಿ ಪ್ರೋಗ್ರಾಮಿಗೂ ಅದು ಬರೆಯಬಹುದಾದ ಫೈಲ್‌ನ ಗರಿಷ್ಠ ಗಾತ್ರವನ್ನು ಗೊತ್ತುಪಡಿಸಬಲ್ಲವು. ನಿಮ್ಮ ಟರ್ಮಿನಲ್‌ನಲ್ಲಿ ‘ಯುಲಿಮಿಟ್’ ಆಜ್ಞೆ ಕೊಟ್ಟು ‘ಮಿತಿಯಿಲ್ಲ’ ಎಂಬ ಉತ್ತರ ಬಂದರೆ ಸಮಾಧಾನಪಡಬೇಡಿ. ಅದು ನಿಮ್ಮ ಟರ್ಮಿನಲ್‌ನ ಮಿತಿ, ಡೇಟಾಬೇಸ್ ಸರ್ವರ್‌ನದ್ದಲ್ಲ. ಸರ್ವರ್‌ನ ಪ್ರಕ್ರಿಯೆಯ ಸಂಖ್ಯೆಯನ್ನು ಹಿಡಿದು, ‘ಪ್ರಾಕ್’ ಡೈರೆಕ್ಟರಿಯ ಅಡಿಯಲ್ಲಿ ಆ ಸಂಖ್ಯೆಯೊಳಗಿರುವ ‘ಲಿಮಿಟ್ಸ್’ ಎಂಬ ಫೈಲ್ ಓದಿ. ಅಲ್ಲಿ ಫೈಲ್‌ನ ಗರಿಷ್ಠ ಗಾತ್ರ, ಒಮ್ಮೆಗೆ ತೆರೆದಿಡಬಹುದಾದ ಫೈಲ್‌ಗಳ ಸಂಖ್ಯೆ ಎರಡೂ ಇರುತ್ತವೆ. ಮೊದಲನೆಯದಕ್ಕೆ ಅಂಕೆ ಹಾಕಿದ್ದರೆ, ಸರ್ವಿಸ್‌ಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಬಳಸುವ ಯಂತ್ರಗಳಲ್ಲಿ ಸರ್ವಿಸ್‌ನ ವಿವರಣೆಯಲ್ಲಿಯೇ ಅದನ್ನು ಬದಲಾಯಿಸಿ ಸರ್ವರ್ ಅನ್ನು ಮತ್ತೆ ಆರಂಭಿಸಬೇಕು.

ಒಬ್ಬೊಬ್ಬ ಬಳಕೆದಾರನಿಗೆ ಡಿಸ್ಕಿನಲ್ಲಿ ಇಷ್ಟೇ ಜಾಗ ಎಂದು ಗೊತ್ತುಪಡಿಸುವ ಕೋಟಾ ಇದ್ದರೆ ಅದನ್ನೂ ಇಲ್ಲಿಯೇ ಪರಿಶೀಲಿಸಿ. ಡೇಟಾಬೇಸ್ ಕೂಡ ಒಬ್ಬ ಬಳಕೆದಾರನ ಹೆಸರಿನಲ್ಲಿಯೇ ಓಡುತ್ತದೆ, ಆ ಹೆಸರಿಗೂ ಕೋಟಾ ತಗಲುತ್ತದೆ.

32 ಬಿಟ್‌ಗಳ ಕಾಲದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಫೈಲ್‌ನೊಳಗಿನ ಸ್ಥಾನವನ್ನು ಚಿಹ್ನೆಸಹಿತ 32 ಬಿಟ್‌ಗಳಲ್ಲಿ ಹಿಡಿದಿಡುತ್ತಿದ್ದ ಕಾಲದಲ್ಲಿ 2 ಜಿಬಿಗಿಂತ ಆಚೆಗೆ ಹೋಗಲು ಸಾಧ್ಯವಿರಲಿಲ್ಲ. 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4 ಕರ್ನಲ್‌ನಿಂದ ಮುಂದೆ 32 ಬಿಟ್‌ಗಳ ಯಂತ್ರಗಳಿಗೂ ದೊಡ್ಡ ಫೈಲ್‌ಗಳ ಬೆಂಬಲ ದೊರೆಯಿತು. ನೆಟ್‌ವರ್ಕ್ ಫೈಲ್ ಸಿಸ್ಟಮ್ ಆದ ಎನ್‌ಎಫ್‌ಎಸ್‌ನ 2ನೇ ಆವೃತ್ತಿಗೂ ಇದೇ ತೊಂದರೆ ಇತ್ತು, 3ನೇ ಆವೃತ್ತಿ 64 ಬಿಟ್‌ಗಳಿಗೆ ಏರಿತು. ಇಂದಿನ ಯಂತ್ರಗಳಲ್ಲಿ ಇದು ಎದುರಾಗುವುದಿಲ್ಲ. ಆದರೆ ಟೇಬಲ್ ಅಥವಾ ಅದರ ನಕಲು ಸರಿಯಾಗಿ 2 ಜಿಬಿಗೆ ನಿಂತಿದ್ದರೆ, ಹಳೆಯ ಪ್ರೋಗ್ರಾಮ್ ಒಂದು ಎಲ್ಲೋ ನಡುವೆ ಕುಳಿತಿದೆ ಎಂದೇ ಅರ್ಥ. ಅದೇ ರೀತಿ 8 ಜಿಬಿಗೆ ಬ್ಯಾಕಪ್ ಮುರಿದುಬಿದ್ದರೆ ಫೈಲ್‌ಗಳನ್ನು ಒಂದೇ ಕಟ್ಟಾಗಿಸುವ ಹಳೆಯ ಟಾರ್ ಮಾದರಿಯನ್ನು ಅನುಮಾನಿಸಿ. ಅದರ ಶಿರೋಲೇಖದಲ್ಲಿ ಗಾತ್ರವನ್ನು ಬರೆಯಲು ಇರುವ ಜಾಗ ಅಷ್ಟಕ್ಕೇ ಸಾಕಾಗುತ್ತದೆ.

ಹಂತ 6: ಡಿಸ್ಕಿನಲ್ಲಿ ನಿಜವಾಗಿ ಎಷ್ಟು ಜಾಗವಿದೆ?

ಹಳೆಯ ಎಂಬಿಆರ್ ಬಗೆಯ ವಿಭಜನಾ ಪಟ್ಟಿ, 512 ಬೈಟ್‌ಗಳ ಸೆಕ್ಟರ್ ಇರುವ ಡಿಸ್ಕಿನಲ್ಲಿ 2 ಟಿಬಿಗಿಂತ ಆಚೆಯದನ್ನು ಕಾಣಲಾರದು. ಡಿಸ್ಕ್ ದೊಡ್ಡದಿದ್ದೂ 2 ಟಿಬಿ ಮಾತ್ರ ಕಾಣಿಸುತ್ತಿದ್ದರೆ ಜಿಪಿಟಿ ಬಗೆಗೆ ಬದಲಾಯಿಸಬೇಕು.

ಇಎಕ್ಸ್‌ಟಿ4 ಸಹಜವಾಗಿ ಶೇ. 5ರಷ್ಟು ಬ್ಲಾಕ್‌ಗಳನ್ನು ರೂಟ್ ಎಂಬ ಆಡಳಿತದ ಬಳಕೆದಾರನಿಗೆ ಮೀಸಲಿಡುತ್ತದೆ. 4 ಟಿಬಿಯ ಡಿಸ್ಕಿನಲ್ಲಿ ಇದು ಸುಮಾರು 200 ಜಿಬಿ. ಡೇಟಾಬೇಸ್ ಸರ್ವರ್ ರೂಟ್ ಆಗಿ ಓಡುವುದಿಲ್ಲವಾದ್ದರಿಂದ ಆ ಜಾಗ ಅದರ ಪಾಲಿಗೆ ಇಲ್ಲವೇ ಇಲ್ಲ. ‘ಡಿಎಫ್’ನ ಉತ್ತರದಲ್ಲಿ ಬಳಕೆಯಾದದ್ದು, ಲಭ್ಯವಿರುವುದು ಎರಡನ್ನೂ ಕೂಡಿಸಿದರೆ ಒಟ್ಟು ಗಾತ್ರಕ್ಕೆ ಸರಿಹೊಂದದಿರುವುದು ಇದರಿಂದಲೇ. ದತ್ತಾಂಶಕ್ಕಾಗಿಯೇ ಇರುವ ಪ್ರತ್ಯೇಕ ಡಿಸ್ಕ್ ಆದರೆ ಈ ಮೀಸಲನ್ನು ‘ಟ್ಯೂನ್2ಎಫ್‌ಎಸ್’ ಆಜ್ಞೆಯಿಂದ ಶೇ. 1ಕ್ಕೆ ಇಳಿಸುವುದರಲ್ಲಿ ತಪ್ಪಿಲ್ಲ. ಆಪರೇಟಿಂಗ್ ಸಿಸ್ಟಮ್ ಕುಳಿತಿರುವ ಡಿಸ್ಕಿನಲ್ಲಿ ಮಾತ್ರ ಅದನ್ನು ಮುಟ್ಟಬೇಡಿ.

ಸಾಲುಗಳನ್ನು ಅಳಿಸಿದರೆ ಜಾಗ ಮರಳಿ ಬರುತ್ತದೆ ಎಂದು ನಂಬುವವರು ಬಹಳ ಮಂದಿ. ಬರುವುದಿಲ್ಲ. ಇನ್ನೋಡಿಬಿ ಅಳಿಸಿದ ಸಾಲುಗಳ ಜಾಗವನ್ನು ಮುಂದಿನ ಸಾಲುಗಳಿಗಾಗಿ ತನ್ನ ಫೈಲ್‌ನೊಳಗೇ ಇಟ್ಟುಕೊಳ್ಳುತ್ತದೆ, ಅಳಿಸಿದ ಸಾಲುಗಳನ್ನು ತೆರವು ಮಾಡುವ ಪೋಸ್ಟ್‌ಗ್ರೆಸ್‌ನ ಸಾಮಾನ್ಯ ‘ವ್ಯಾಕ್ಯೂಮ್’ ಕೂಡ ಬಹುಪಾಲು ಹಾಗೆಯೇ ಮಾಡುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಜಾಗ ಮರಳಬೇಕಾದರೆ ಟೇಬಲ್ ಅನ್ನು ಹೊಸದಾಗಿ ಕಟ್ಟಬೇಕು, ಅಂದರೆ ಮೈಎಸ್‌ಕ್ಯುಎಲ್‌ನಲ್ಲಿ ‘ಆಪ್ಟಿಮೈಜ್ ಟೇಬಲ್’, ಪೋಸ್ಟ್‌ಗ್ರೆಸ್‌ನಲ್ಲಿ ‘ವ್ಯಾಕ್ಯೂಮ್ ಫುಲ್’. ಹೀಗೆ ಕಟ್ಟುವಾಗ ಹಳೆಯ ಪ್ರತಿ ಇದ್ದಂತೆಯೇ ಹೊಸ ಪ್ರತಿ ತಯಾರಾಗುವುದರಿಂದ, ಟೇಬಲ್‌ನ ಒಳಗಿನ ಜೀವಂತ ದತ್ತಾಂಶದಷ್ಟೇ ಇನ್ನೊಂದು ಜಾಗ ಬೇಕು. ಎಸ್‌ಕ್ಯುಲೈಟ್‌ನ ‘ವ್ಯಾಕ್ಯೂಮ್’ಗಂತೂ ಮೂಲ ಫೈಲ್‌ನ ಎರಡು ಪಟ್ಟಿನಷ್ಟು ಖಾಲಿ ಜಾಗ ಬೇಕಾಗಬಹುದು.

ನನ್ನ ಅಭಿಪ್ರಾಯದಲ್ಲಿ ಟೇಬಲ್‌ನ ನಿಜವಾದ ಮಿತಿ ಇರುವುದು ಇಲ್ಲಿಯೇ. ಡಿಸ್ಕಿನ ಖಾಲಿ ಜಾಗ ನಿಮ್ಮ ಅತಿ ದೊಡ್ಡ ಟೇಬಲ್‌ಗಿಂತ ಕಡಿಮೆಯಾದ ದಿನದಿಂದ ಆ ಟೇಬಲ್ ಅನ್ನು ನೀವು ದುರಸ್ತಿ ಮಾಡಲಾರಿರಿ, ಕುಗ್ಗಿಸಲಾರಿರಿ, ಅದರ ಕಾಲಮ್‌ನ ಬಗೆಯನ್ನು ಬದಲಾಯಿಸಲಾರಿರಿ. ಅದು ಇನ್ನೂ ಬೆಳೆಯುತ್ತಿರಬಹುದು, ಆದರೆ ನಿಮ್ಮ ಹಿಡಿತದಿಂದ ಆಗಲೇ ಜಾರಿಹೋಗಿರುತ್ತದೆ. ಆದ್ದರಿಂದ ನಿಮ್ಮ ಕಾಗದದಲ್ಲಿ ಡಿಸ್ಕಿನ ಮಿತಿಯ ಎದುರು ಒಟ್ಟು ಜಾಗವನ್ನು ಬರೆಯಬೇಡಿ, ಅದರ ಅರ್ಧವನ್ನು ಬರೆಯಿರಿ.

ಹಂತ 7: ಕೀಲಿಯ ಬಗೆಯನ್ನು ಮರೆಯದೆ ಲೆಕ್ಕಕ್ಕೆ ತನ್ನಿ

ಫೈಲ್ ಸಿಸ್ಟಮ್‌ಗೆ ಸಂಬಂಧವೇ ಇಲ್ಲದ, ಆದರೆ ಎಲ್ಲಕ್ಕಿಂತ ಮೊದಲು ಎದುರಾಗಬಹುದಾದ ಮಿತಿ ಇದು. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಒಂದು ಸಾಲು ಸರಾಸರಿ 200 ಬೈಟ್, ದಿನಕ್ಕೆ 50 ಲಕ್ಷ ಸಾಲುಗಳು ಸೇರುತ್ತವೆ ಎಂದುಕೊಳ್ಳಿ. ದಿನಕ್ಕೆ 100 ಕೋಟಿ ಬೈಟ್ ಆಯಿತು. ಇಎಕ್ಸ್‌ಟಿ4ರ 16 ಟಿಬಿಯನ್ನು ಈ ವೇಗದಲ್ಲಿ ತುಂಬಲು ಸುಮಾರು 17,592 ದಿನಗಳು, ಅಂದರೆ 48 ವರ್ಷಗಳು ಬೇಕು. ಇಂಡೆಕ್ಸ್‌ಗಳೂ ಪುಟಗಳ ಖಾಲಿ ಭಾಗವೂ ಸೇರಿ ಗಾತ್ರ ಎರಡರಷ್ಟಾದರೂ 24 ವರ್ಷಗಳ ಅವಕಾಶವಿದೆ. ಈಗ ಅದೇ ಟೇಬಲ್‌ನ ಪ್ರಾಥಮಿಕ ಕೀಲಿ, ಅಂದರೆ ಪ್ರತಿ ಸಾಲನ್ನೂ ಗುರುತಿಸುವ ಕಾಲಮ್, ಚಿಹ್ನೆಸಹಿತ ‘ಇಂಟ್’ ಬಗೆಯದ್ದು, ಸಾಲಿಗೊಂದರಂತೆ ತಾನಾಗಿಯೇ ಏರುವಂಥದ್ದು ಎಂದಿಟ್ಟುಕೊಳ್ಳಿ. ಅದರ ಗರಿಷ್ಠ ಮೌಲ್ಯ 2,14,74,83,647. ದಿನಕ್ಕೆ 50 ಲಕ್ಷದಂತೆ ಅದು 429 ದಿನಗಳಲ್ಲಿ, ಎಂದರೆ ಹದಿನಾಲ್ಕು ತಿಂಗಳಲ್ಲಿ ಮುಗಿದುಹೋಗುತ್ತದೆ. ಆಗ ಮೈಎಸ್‌ಕ್ಯುಎಲ್ ‘ಟೇಬಲ್ ತುಂಬಿದೆ’ ಎನ್ನುವುದಿಲ್ಲ. ಕೊನೆಯ ಸಂಖ್ಯೆಯನ್ನೇ ಮತ್ತೆ ಕೊಡಲು ಹೋಗಿ, ನಕಲು ನಮೂದು ಎಂಬ 1062ನೇ ದೋಷವನ್ನು ಕೊಡುತ್ತದೆ, ನೋಡಿದವರು ಅಪ್ಲಿಕೇಶನ್‌ನಲ್ಲಿ ತಪ್ಪನ್ನು ಹುಡುಕುತ್ತ ಕೂರುತ್ತಾರೆ.

ಕೀಲಿಯನ್ನು ‘ಬಿಗಿಂಟ್’ಗೆ ಬದಲಾಯಿಸಿದರೆ ಈ ಮಿತಿ ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ. ಆದರೆ ಆ ಬದಲಾವಣೆಗೂ ಇಡೀ ಟೇಬಲ್ ಅನ್ನು ಹೊಸದಾಗಿ ಕಟ್ಟಬೇಕು, ಅದಕ್ಕೆ ಹಿಂದಿನ ಹಂತದಲ್ಲಿ ಹೇಳಿದ ಖಾಲಿ ಜಾಗ ಬೇಕು. ಟೇಬಲ್ ಚಿಕ್ಕದಿರುವಾಗಲೇ ಇದನ್ನು ಮಾಡಿಬಿಡಿ.

ಹಂತ 8: ದೋಷದ ಸಂಖ್ಯೆಯಿಂದ ಪದರವನ್ನು ಗುರುತಿಸಿ

ಸರ್ವರ್ ಈಗಾಗಲೇ ನಿಂತಿದ್ದರೆ ಬಳಕೆದಾರನಿಗೆ ಕಂಡ ಸಂದೇಶವನ್ನು ಬಿಟ್ಟು, ಸರ್ವರ್‌ನ ದೋಷದ ಲಾಗ್ ತೆರೆಯಿರಿ. ಅಲ್ಲಿ ಆಪರೇಟಿಂಗ್ ಸಿಸ್ಟಮ್ ಕೊಟ್ಟ ಸಂಖ್ಯೆ ಇರುತ್ತದೆ. ಲಿನಕ್ಸ್‌ನಲ್ಲಿ 28 ಎಂದರೆ ಡಿಸ್ಕಿನಲ್ಲಿ ಜಾಗವಿಲ್ಲ, 27 ಎಂದರೆ ಫೈಲ್ ತುಂಬ ದೊಡ್ಡದು, 122 ಎಂದರೆ ಕೋಟಾ ಮೀರಿದೆ. 27 ಕಂಡರೆ ಮೂರನೆಯ ಮತ್ತು ಐದನೆಯ ಹಂತಗಳಿಗೆ ಹೋಗಿ. 28 ಕಂಡರೆ ಆರನೆಯದಕ್ಕೆ, ಜೊತೆಗೆ ‘ಡಿಎಫ್’ಗೆ ಚಿಕ್ಕಕ್ಷರದ ‘ಐ’ ಆಯ್ಕೆ ಕೊಟ್ಟು ಐನೋಡ್‌ಗಳು (ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆಗಳು) ಮುಗಿದಿವೆಯೇ ಎಂಬುದನ್ನೂ ನೋಡಿ. ಅಳಿಸಿದ ಮೇಲೂ ಯಾವುದಾದರೂ ಪ್ರೋಗ್ರಾಮ್ ಹಿಡಿದುಕೊಂಡಿರುವ ಫೈಲ್‌ಗಳನ್ನು ‘ಎಲ್‌ಎಸ್‌ಒಎಫ್’ ಆಜ್ಞೆ ತೋರಿಸುತ್ತದೆ. ಆ ಪ್ರೋಗ್ರಾಮ್ ನಿಲ್ಲುವವರೆಗೆ ಅವುಗಳ ಜಾಗ ಬಿಡುಗಡೆಯಾಗದು. ಲಾಗ್‌ನಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಯಾವ ಸಂಖ್ಯೆಯೂ ಇಲ್ಲದಿದ್ದರೆ ಎಂಜಿನ್ನೇ ತನ್ನ ಮಿತಿಯನ್ನು ಮುಟ್ಟಿದೆ ಎಂದು ಶಂಕಿಸಿ ಮೊದಲ ಹಂತಕ್ಕೆ ಮರಳಿ.

ಈ ತರಾತುರಿಯಲ್ಲಿ ದತ್ತಾಂಶ ಡೈರೆಕ್ಟರಿಯೊಳಗಿನ ಯಾವ ಫೈಲ್ ಅನ್ನೂ ಕೈಯಾರೆ ಅಳಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಲಾಗ್ ಎಂಬ ಹೆಸರಿದ್ದರೂ ಅವುಗಳಲ್ಲಿ ಕೆಲವು ಬರಿಯ ಟಿಪ್ಪಣಿಗಳಲ್ಲ, ಡೇಟಾಬೇಸ್ ಮತ್ತೆ ಎದ್ದು ನಿಲ್ಲಲು ಬೇಕಾದ ದಾಖಲೆಗಳು.

ಹಂತ 9: ಮಿತಿ ಹತ್ತಿರವಾಗುತ್ತಿದ್ದರೆ ಮಾಡಬೇಕಾದದ್ದು

ಮೊದಲ ಆಯ್ಕೆ ಟೇಬಲ್‌ನ ವಿಭಜನೆ. ಮೈಎಸ್‌ಕ್ಯುಎಲ್‌ನಲ್ಲಿ ಪ್ರತಿ ವಿಭಾಗಕ್ಕೂ ಪ್ರತ್ಯೇಕ ಫೈಲ್ ಇರುವುದರಿಂದ ಫೈಲ್‌ನ ಮಿತಿ ವಿಭಾಗಕ್ಕೆ ಅನ್ವಯಿಸುತ್ತದೆ, ಇಡೀ ಟೇಬಲ್‌ಗಲ್ಲ. ಒಂದು ಟೇಬಲ್‌ಗೆ 8192 ವಿಭಾಗಗಳವರೆಗೆ ಅವಕಾಶವಿದೆ. ಪೋಸ್ಟ್‌ಗ್ರೆಸ್‌ನಲ್ಲಿ 2017ರ 10ನೇ ಆವೃತ್ತಿಯಿಂದ ಘೋಷಣಾತ್ಮಕ ವಿಭಜನೆ ಇದೆ, ಅಲ್ಲಿ 32 ಟಿಬಿಯ ಮಿತಿ ಒಂದೊಂದು ವಿಭಾಗಕ್ಕೂ ಬೇರೆಬೇರೆಯಾಗಿ ಸಿಗುತ್ತದೆ. ತಿಂಗಳಿಗೊಂದು ವಿಭಾಗ ಮಾಡಿಕೊಂಡರೆ, ಹಳೆಯ ತಿಂಗಳನ್ನು ಕಳಚಿದ ಕ್ಷಣವೇ ಅದರ ಫೈಲ್ ಹೋಗಿ ಜಾಗ ಆಪರೇಟಿಂಗ್ ಸಿಸ್ಟಮ್‌ಗೆ ಮರಳುತ್ತದೆ. ಕೋಟಿಗಟ್ಟಲೆ ಸಾಲುಗಳನ್ನು ಒಂದೊಂದಾಗಿ ಅಳಿಸುವ ಶ್ರಮವೂ ಉಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಎರಡೂ ಡೇಟಾಬೇಸ್‌ಗಳಲ್ಲಿ ಅನನ್ಯ ಕೀಲಿಗಳು ವಿಭಜನೆಯ ಕಾಲಮ್ ಅನ್ನು ಒಳಗೊಂಡಿರಲೇಬೇಕು, ಇನ್ನೋಡಿಬಿಯ ವಿಭಜಿತ ಟೇಬಲ್‌ಗಳಲ್ಲಿ, ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಜೋಡಿಸುವ ಫಾರಿನ್ ಕೀಗಳನ್ನು ಬಳಸಲಾಗದು. ನಿಮ್ಮ ವಿನ್ಯಾಸ ಅವುಗಳನ್ನೇ ನೆಚ್ಚಿಕೊಂಡಿದ್ದರೆ ಈ ನಿರ್ಧಾರವನ್ನು ಅವಸರದಲ್ಲಿ ತೆಗೆದುಕೊಳ್ಳಬೇಡಿ.

ಎರಡನೆಯದು ಫೈಲ್ ಸಿಸ್ಟಮ್ ಬದಲಾವಣೆ. ಹೊಸ ಡಿಸ್ಕನ್ನು ಎಕ್ಸ್‌ಎಫ್‌ಎಸ್‌ನಲ್ಲಿ ಸಿದ್ಧಪಡಿಸಿ, ಅಲ್ಲಿ ಪ್ರತಿರೂಪ ಸರ್ವರ್ ಅನ್ನು ಕಟ್ಟಿ, ಅದು ಮೂಲ ಸರ್ವರ್‌ಗೆ ಸಮನಾದ ಮೇಲೆ ಪಾತ್ರಗಳನ್ನು ಅದಲುಬದಲು ಮಾಡುವುದು ಸುರಕ್ಷಿತ ದಾರಿ. ಇನ್ನೋಡಿಬಿಯ ಸಿಸ್ಟಮ್ ಟೇಬಲ್‌ಸ್ಪೇಸ್ ಅನ್ನು ಹಲವು ಫೈಲ್‌ಗಳಿಂದ ಕಟ್ಟಿ, ಒಂದು ಟೇಬಲ್ ಫೈಲ್‌ನ ಮಿತಿಯನ್ನು ಮೀರುವಂತೆ ಮಾಡುವ ಹಳೆಯ ಉಪಾಯವೂ ಇದೆ. ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಆ ಟೇಬಲ್‌ಸ್ಪೇಸ್ ಒಮ್ಮೆ ಹಿಗ್ಗಿದರೆ ಮತ್ತೆ ಕುಗ್ಗುವುದಿಲ್ಲ.

ಯಾವುದನ್ನು ಆರಿಸಿಕೊಂಡರೂ, ಪ್ರತಿ ವಾರ ಒಂದೇ ದಿನ ಒಂದೇ ಹೊತ್ತಿಗೆ ದೊಡ್ಡ ಟೇಬಲ್‌ಗಳ ಫೈಲ್ ಗಾತ್ರ, ಕೀಲಿಯ ಈಗಿನ ಗರಿಷ್ಠ ಮೌಲ್ಯ, ಡಿಸ್ಕಿನ ಲಭ್ಯ ಜಾಗ ಈ ಮೂರನ್ನೂ ದಾಖಲಿಸಿ. ನಾಲ್ಕು ವಾರಗಳ ಅಂಕಿಗಳು ಕೈಗೆ ಬಂದ ಮೇಲೆ ವಾರದ ಸರಾಸರಿ ಏರಿಕೆಯಿಂದ ಉಳಿದ ಅವಕಾಶವನ್ನು ಭಾಗಿಸಿದರೆ ಪ್ರತಿ ಪದರಕ್ಕೂ ಎಷ್ಟು ವಾರಗಳಿವೆ ಎಂಬುದು ತಿಳಿಯುತ್ತದೆ. ಅವುಗಳಲ್ಲಿ ಅತಿ ಕಡಿಮೆ ವಾರಗಳಿರುವ ಪದರದ ಹೆಸರನ್ನೂ, ಟೇಬಲ್ ಅನ್ನು ಮತ್ತೆ ಕಟ್ಟಲು ನಿಮ್ಮ ಯಂತ್ರಕ್ಕೆ ಎಷ್ಟು ಗಂಟೆ ಹಿಡಿಯಿತು ಎಂಬುದನ್ನೂ ಕಾಗದದ ಮೇಲ್ತುದಿಯಲ್ಲಿ ಬರೆದಿಡಿ. ಮುಂದಿನ ಬಾರಿ ದೋಷ ಬಂದಾಗ ಮೊದಲು ನೋಡಬೇಕಾದ ಎರಡು ಸಾಲುಗಳು ಅವೇ.